ತಣ್ಣೀರಿನ ಎಣ್ಣೆಸ್ನಾನ

ಯುಗಾದಿಗೆಂದು ತುಮಕೂರಿನಿಂದ ಬಂದ ಅಮ್ಮ ಚೀಲ ಇಳಿಸುವ ಮೊದಲೇ ನನ್ನ ಬಚ್ಚಲಿನ ಗೀಸರ್ ಪರೀಕ್ಷಿಸಿದಳು. ನನ್ನ ಕಾಯಿಲೆಗೆ ಅವಳದೊಂದೇ ಮದ್ದು: ಮೈತುಂಬ ಹರಳೆಣ್ಣೆ, ಮೇಲೆ ಸುಡುಸುಡು ನೀರು.

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ, ಹೆಸರು ಹೇಳಲೇ ನಾಲಿಗೆ ತೊಡರುವ ಈ ಕಾಯಿಲೆ ಶುರುವಾದದ್ದು ನಾನು ವಿಶಾಖಪಟ್ಟಣದ ಬ್ಯಾಂಕ್ ಶಾಖೆಯಲ್ಲಿದ್ದಾಗ. ಮೈಯ ಕಾವಲು ಪಡೆಯೇ ದಾರಿತಪ್ಪಿ ನರಗಳ ಹೊದಿಕೆಯನ್ನು ತಿನ್ನುತ್ತದಂತೆ. ಮಿದುಳು, ಬೆನ್ನುಹುರಿಗಳ ಎಂಆರ್‌ಐನಲ್ಲಿ ಬಿಳಿ ಕಲೆಗಳು ಕಂಡಿದ್ದವು. ವಿಜಯವಾಡಕ್ಕೆ ವರ್ಗವಾಗಿ ಪಟಮಟ ಬಡಾವಣೆಯಲ್ಲಿ ಮನೆ ಮಾಡಿದ ಮೇಲೆ ಮಾತ್ರೆಯಿಂದ ಎಲ್ಲ ಹತೋಟಿಯಲ್ಲಿತ್ತು.

"ಬಿಸಿನೀರು ಬಿದ್ರೆ ನರ ಎಲ್ಲ ಸಡಿಲ ಆಗುತ್ತೆ, ಸುಮ್ನೆ ಕೂತ್ಕೊ ಚಿತ್ರಾ," ಎಂದು ಹಬ್ಬದ ಬೆಳಿಗ್ಗೆ ಅಮ್ಮ ಚೊಂಬಿನ ಮೇಲೆ ಚೊಂಬು ಸುರಿದಳು. ಸುಖವಾಗಿಯೇ ಇತ್ತು. ಏಳಲು ಹೋದರೆ ಬಲಗಾಲು ನನ್ನ ಮಾತು ಕೇಳಲಿಲ್ಲ. ಎಡಗಣ್ಣಿಗೆ ಅಮ್ಮನ ಮುಖ ಮಂಜಾಯಿತು.

ಮಧ್ಯಾಹ್ನದ ಹೊತ್ತಿಗೆ ಎರಡೂ ಸರಿಹೋದವು, ಹೆದರಿಕೆ ಹೋಗಲಿಲ್ಲ. ಹೊಸ ಕಲೆ ಎದ್ದಿದ್ದರೆ ಮಾತ್ರೆ ಸೋತಿತೆಂದೇ ಅರ್ಥ. ಆಮೇಲೆ ಉಗ್ರವಾದ ಔಷಧಿ, ರಜೆ, ಬಹುಶಃ ಗಾಲಿಕುರ್ಚಿ. "ಕೆಲಸ ಬಿಟ್ಟು ಊರಿಗೆ ನಡಿ," ಎಂದು ಅಮ್ಮ ಆಗಲೇ ಶುರುಮಾಡಿದ್ದಳು.

ಮರುದಿನ ಸ್ಕ್ಯಾನ್. ಕೊಳವೆಯಲ್ಲಿ ಅಲುಗಾಡದೆ ಮಲಗಿ, ಯಂತ್ರ ಕಿವಿಯ ಬಳಿ ಕುಟ್ಟುವುದನ್ನು ಕೇಳುತ್ತ, ಈ ಕಾಲೊಂದು ಉಳಿಯಲಿ ಎಂದು ಬೇಡಿಕೊಂಡೆ. ನಾನು ದೇವರನ್ನು ಬೇಡುವವಳಲ್ಲ.

ಡಾಕ್ಟರ್ ರಾಜ್ಯಲಕ್ಷ್ಮಿ ವಿಶಾಖಪಟ್ಟಣದ ಚಿತ್ರಗಳನ್ನೂ ಹೊಸವನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹೊಸ ಕಲೆ ಒಂದೂ ಇರಲಿಲ್ಲ. ಆ ಬೆಳಿಗ್ಗೆ ಏನು ಮಾಡಿದಿರೆಂದು ಕೇಳಿದರು. ಎಣ್ಣೆಸ್ನಾನ ಎಂದೆ. ಹೊದಿಕೆ ಸವೆದ ನರ ಬಿಸಿ ತಾಗಿದರೆ ಸ್ವಲ್ಪ ಹೊತ್ತು ಸುದ್ದಿ ಮುಟ್ಟಿಸುವುದಿಲ್ಲ, ತಣಿದರೆ ಸರಿಹೋಗುತ್ತದೆ ಎಂದು ವಿವರಿಸಿ, ಅಮ್ಮನತ್ತ ತಿರುಗಿದರು. "ವೇಡಿ ನೀಳ್ಳು ವದ್ದಮ್ಮಾ." ಬಿಸಿನೀರು ಬೇಡವೆಂಬುದನ್ನು ಅಮ್ಮನಿಗೆ ಯಾರೂ ಕನ್ನಡದಲ್ಲಿ ಹೇಳಬೇಕಾಗಲಿಲ್ಲ.

ನನಗೆ ಹೋದ ಜೀವ ಬಂತು. ಅಮ್ಮ ಮಾತ್ರ ಮನೆಗೆ ಬಂದು ಊಟ ಮಾಡಲಿಲ್ಲ. "ನಾಳೆ ರೈಲು ಹತ್ತಿಸ್ಬಿಡು," ಎಂದಳು.

"ಶುಕ್ರವಾರ ನಂಗೆ ಎಣ್ಣೆ ಹಚ್ಚೋರು ಯಾರು? ನೀರು ಹಾಕಿ ಆಮೇಲೆ ಹೋಗು."

ವಿಜಯವಾಡದ ಬಿಸಿಲಿಗೆ ಟ್ಯಾಂಕಿನ ನೀರು ಒಲೆಯಿಲ್ಲದೆಯೇ ಕಾಯುತ್ತದೆ. ಊರಲ್ಲಿ ಹಂಡೆಗೆ ಉರಿ ಹಾಕಲೆಂದೇ ಜಾವದಲ್ಲಿ ಏಳುತ್ತಿದ್ದ ಅಮ್ಮ ಗುರುವಾರವೇ ದೊಡ್ಡ ಮಣ್ಣಿನ ಮಡಕೆ ಕೊಂಡು, ನೀರು ತುಂಬಿ, ಒದ್ದೆ ಬಟ್ಟೆ ಸುತ್ತಿಟ್ಟಳು.

ಮೊದಲ ಚೊಂಬು ಬಿದ್ದಾಗ ಮೈ ಜುಂ ಎಂದಿತು.

"ಚಳಿ ಆಯ್ತೇನೇ?" ಅವಳು ಎರಡನೇ ಚೊಂಬನ್ನು ಎತ್ತಿ ಹಿಡಿದೇ ನಿಂತಳು.

"ಇಲ್ಲ, ಹಾಕು," ಎಂದು ಸುಳ್ಳಾಡಿದೆ.

ನೀರು ಮುಗಿದ ಮೇಲೆ ಗೋಡೆ ಹಿಡಿಯದೆ ಎದ್ದು ನಿಂತೆ. ಅಮ್ಮ ನನ್ನ ಮುಖ ನೋಡಲಿಲ್ಲ, ಬಲಗಾಲನ್ನೇ ನೋಡುತ್ತಿದ್ದಳು. ಆಮೇಲೆ ಚೊಂಬು ಕೆಳಗಿಟ್ಟು ಅತ್ತಳು.