ಬಾವಿಗೆ ಹೋಗುವವಳು ಒಬ್ಬಳೇ

ಬಾವಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಮೂವರು ಅಕ್ಕತಂಗಿಯರಿದ್ದರಂತೆ. ಮೂವರೂ ಸೇರಿ ಒಂದು ದೊಡ್ಡ ಚಕ್ರ ತಿರುಗಿಸಬೇಕಿತ್ತಂತೆ. ಒಟ್ಟಿಗೆ ತಳ್ಳಿದರೆ ಚಕ್ರ ಅಲುಗದು. ಒಬ್ಬಳು ಕೈ ಸಡಿಲಿಸುವ ಹೊತ್ತಿಗೆ ಇನ್ನೊಬ್ಬಳು, ಅವಳು ಸಡಿಲಿಸುವ ಹೊತ್ತಿಗೆ ಮತ್ತೊಬ್ಬಳು ತಳ್ಳಬೇಕು. ಇದ್ದದ್ದು ಒಂದೇ ಬಾವಿ. ಅದು ಹಿರಿಯವಳ ಹೆಜ್ಜೆಯನ್ನಷ್ಟೇ ಗುರುತಿಸುತ್ತಿತ್ತು. ಮೂವರೂ ಕೊಡ ಹಿಡಿದು ಹೋದರೆ ಮುನಿಸಿಕೊಂಡು ನೀರನ್ನು ಪಾತಾಳಕ್ಕೆ ಇಳಿಸಿಬಿಡುತ್ತಿತ್ತು. ಹಾಗಾಗಿ ಹಿರಿಯವಳೇ ಸೇದಿ ಹಂಡೆ ತುಂಬಿಸುತ್ತಿದ್ದಳು. ತಂಗಿಯರು ಹಂಡೆಯಿಂದ ಕುಡಿದು ಚಕ್ರಕ್ಕೆ ಹೋಗುತ್ತಿದ್ದರು.

ಅಜ್ಜಿ ಈ ಕತೆ ಹೇಳಿದಾಗಲೆಲ್ಲ, ಚಿಕ್ಕವನಿದ್ದ ಮಾವ ಅಳುತ್ತಿದ್ದನಂತೆ. ದೊಡ್ಡವಳೊಬ್ಬಳೇ ಯಾಕೆ ಸೇದಬೇಕು ಎಂದು. ಅಮ್ಮನ ತಮ್ಮ ಈ ಮಾವ ಈಗ ವೈರಿಂಗ್ ಕೆಲಸ ಮಾಡುತ್ತಾನೆ. ಇವತ್ತಿಗೂ ಒಂದು ಹಣ್ಣು ತಂದರೆ ಮೂರು ಹೋಳು ಮಾಡಿ, ಮೂರನ್ನೂ ಕಣ್ಣಲ್ಲೇ ತೂಗಿ ನೋಡಿ, ಆಮೇಲೆ ಕೊಡುತ್ತಾನೆ.

ಅಮ್ಮನದು ಬ್ರೆಡ್ಡಿನ ಅಂಗಡಿ. ಮುಂದಿನ ಕೋಣೆಯಲ್ಲಿ ಗಲ್ಲಾ, ಹಿಂದಿನದರಲ್ಲಿ ಒಲೆ, ನಡುವಿನ ಕೋಣೆಯಲ್ಲಿ ಹಿಟ್ಟು ನಾದುವ ತೊಟ್ಟಿ. ಮಧ್ಯಾಹ್ನದ ಊಟವಾದ ಮೇಲೆ ಅವಳು ರವಿಕೆಯ ತೋಳು ಮೇಲಕ್ಕೆ ಮಡಚಿ ತೊಟ್ಟಿಯ ಮುಂದೆ ನಿಂತರೆ ಬಿಸಿಲು ಗೋಡೆ ಹತ್ತಿ ಮರೆಯಾಗುವವರೆಗೂ ನಾದುತ್ತಿದ್ದಳು. ಈಚೆಗೆ ಬಲಗೈ ಮುಷ್ಟಿ ಕಟ್ಟುತ್ತಿರಲಿಲ್ಲ. ಹೀಗೇ ನಾದುತ್ತಿದ್ದರೆ ಆ ಕೈ ಲೋಟವನ್ನೂ ಹಿಡಿಯದು ಎಂದಿದ್ದರು ಡಾಕ್ಟರು. "ನಾದದಿದ್ದರೆ ಅಂಗಡಿ ಮುಚ್ಚಬೇಕು. ಅದನ್ನೂ ಬರೆದುಕೊಡಿ ಅಂದೆ," ಎಂದು ಅಮ್ಮ ಬಂದು ಹೇಳಿದ್ದಳು.

ಆಗ ನಾನು ಮಾತು ಕೊಟ್ಟೆ: "ಇನ್ಮೇಲೆ ನೀನು ಹಿಟ್ಟಿಗೆ ಕೈ ಹಾಕಬೇಕಾಗಿಲ್ಲಮ್ಮ." ಬಾಗಿಲು ಮುಚ್ಚುತ್ತಿದ್ದ ಇನ್ನೊಂದು ಬೇಕರಿಯಿಂದ ನಾದುವ ಯಂತ್ರ ತಂದೆ. ಅದರ ಹೊಟ್ಟೆಯ ಸುತ್ತಳತೆ ನೋಡಿದೆ, ಬಣ್ಣ ನೋಡಿದೆ, ಪ್ಲಗ್ಗನ್ನು ಮಾತ್ರ ನೋಡಲಿಲ್ಲ. ಅದು ಮೂರು ಫೇಸಿನ ಮೋಟರು, ಮೂರು ತಂತಿಗಳ ಕರೆಂಟು ಸರದಿಯಂತೆ ತಳ್ಳಿದರಷ್ಟೇ ತಿರುಗುವಂಥದ್ದು. ನಮ್ಮ ಬೀದಿಗೆ ಬರುವುದು ಒಂದೇ ಫೇಸು. ಅಮ್ಮ ಅದರ ಮೇಲೆ ಹಳೆ ದುಪ್ಪಟಿ ಹೊದಿಸಿ 'ಮನೆಯಳಿಯ' ಎಂದು ಹೆಸರಿಟ್ಟಳು. ಕೂತಲ್ಲೇ ಕೂತಿರುತ್ತದೆ, ದಿನಾ ಒರೆಸಬೇಕು.

ಮಾವ ಕೊನೆಗೊಂದು ದಾರಿ ಹುಡುಕಿದ. ಎಲ್ಲೋ ಕಚೇರಿ ಖಾಲಿ ಮಾಡುವಾಗ ಬಿಚ್ಚಿದ ಮೂರು ಇನ್ವರ್ಟರುಗಳನ್ನೂ ಒಂದು ದೊಡ್ಡ ಬ್ಯಾಟರಿಯನ್ನೂ ತಂದು ಗೋಡೆಗೆ ಸಾಲಾಗಿ ಕೂರಿಸಿದ. ಬ್ಯಾಟರಿಯಿಂದ ಒಂದೊಂದು ಇನ್ವರ್ಟರೂ ಒಂದೊಂದು ಫೇಸು ಕಟ್ಟಿಕೊಡುತ್ತದೆ. ಬೀದಿಯ ಕರೆಂಟು ಬ್ಯಾಟರಿ ತುಂಬಿಸುತ್ತದೆ. ಬೀದಿಯಿಂದ ಬಂದ ಒಂದೇ ತಂತಿಯನ್ನು ಮೂರು ಕವಲು ಮಾಡಿ ಮೂರಕ್ಕೂ ಸಿಕ್ಕಿಸಿದ. "ಮೂರಕ್ಕೂ ಸಮಪಾಲು," ಎಂದು ಕೈ ಒರೆಸಿಕೊಂಡ.

ಮನೆಯಳಿಯ ಗುರ್ ಎಂದು ತಿರುಗಿತು. ಅಮ್ಮ ನಗಲಿಲ್ಲ. "ನೋಡೋಣ," ಎಂದಳು.

ಮೂರನೆಯ ಮಧ್ಯಾಹ್ನ ಅರ್ಧ ನಾದಿದ ಹಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಯಂತ್ರ ನಿಂತುಹೋಯಿತು. ಅಮ್ಮ ತೋಳು ಮಡಚಿದಳು. ನಾನು ಅವಳನ್ನು ಸ್ಟೂಲಿನ ಮೇಲೆ ಕೂರಿಸಿ, ಹಿಟ್ಟನ್ನು ತೊಟ್ಟಿಗೆ ತೋಡಿ, ಉಳಿದದ್ದನ್ನು ನಾನೇ ನಾದಿದೆ. ಭುಜ ಬಿದ್ದುಹೋಯಿತು. ಸಂಜೆ ಬಂದ ಗಿರಾಕಿಯೊಬ್ಬರು ಬ್ರೆಡ್ಡನ್ನು ಒತ್ತಿ ನೋಡಿ, "ಇದರ ಜೊತೆ ಗರಗಸಾನೂ ಕೊಡ್ತೀರಾ?" ಎಂದರು.

ಮಾವ ಬಂದದ್ದು ಮರುದಿನ, ಎರಡು ಮನೆಗಳ ಕೆಲಸ ಮುಗಿಸಿಕೊಂಡು. ಟೆಸ್ಟರು ಹಚ್ಚಿ ನೋಡಿ ಹಿಟ್ಟಿನ ಮೂಟೆಯ ಮೇಲೆ ಕುಸಿದ.

"ಬ್ಯಾಟರಿ ಬರಿದಾಗಿದೆ. ತಂತೀಲಿ ಕರೆಂಟಿದೆ. ಕೊಟ್ಟರೂ ತಗೊಳ್ತಿಲ್ವಲ್ಲೇ ಇವು!"

"ನಿನ್ನ ಹಾಗೇ," ಎಂದಳು ಅಮ್ಮ. "ಊಟ ಮಾಡು ಅಂದರೂ ಮಾಡಲ್ಲ."

ನಾನು ಇನ್ವರ್ಟರು ಪೆಟ್ಟಿಗೆಗಳನ್ನು ನೋಡುತ್ತ ನಿಂತೆ. ಬೀದಿಯ ಕರೆಂಟು ಒಳಗೆ ಬಂದರೆ ಹತ್ತಬೇಕಾದ ಪುಟ್ಟ ದೀಪ ಒಂದರಲ್ಲೂ ಹತ್ತಿರಲಿಲ್ಲ. ಮೊದಲ ದಿನವೂ ಹತ್ತಿರಲಿಲ್ಲವೇನೋ, ಬ್ಯಾಟರಿಯಲ್ಲಿ ಮೊದಲೇ ಇದ್ದದ್ದರಿಂದಲೇ ಯಂತ್ರ ನಡೆದಿತ್ತೇನೋ. ಯಂತ್ರ ತಿರುಗಿದ ಸಂಭ್ರಮದಲ್ಲಿ ಯಾರು ನೋಡಿದರು? ಕೊಡ ಹಿಡಿದು ಬಾವಿಗೆ ಹೋದ ಮೂವರು ನೆನಪಾದರು.

"ಮಾವ, ಇವು ಮೂರೂ ಒಂದರ ಹಿಂದೊಂದು ತಳ್ಳೋವಲ್ವಾ? ಬೀದಿ ಕರೆಂಟು ಬರೋದು ಮೊದಲನೇದರ ಹೊತ್ತಿಗೆ. ಅದನ್ನೇ ಎರಡನೇದಕ್ಕೂ ಮೂರನೇದಕ್ಕೂ ಕೊಟ್ಟರೆ ಅವುಗಳ ಹೊತ್ತಿಗೆ ಹೊಂದುತ್ತಾ?"

ಮಾವ ಹಣೆ ಚಚ್ಚಿಕೊಂಡ. "ಹೊಂದಲ್ಲ. ಎರಡು ಬೇಡ ಅಂದರೆ ಮೂರೂ ಒಟ್ಟಿಗೆ ಬೇಡ ಅನ್ನುತ್ತವೆ. ಒಂದೇ ಗುಂಪು ಅಂತ ನಾನೇ ಹೇಳಿಕೊಟ್ಟಿದೀನಿ." ನಿಟ್ಟುಸಿರು ಬಿಟ್ಟ. "ನಮ್ಮಮ್ಮನ ಕತೆಯ ಹಾಳು ಬಾವಿ!"

ಎದ್ದು ಎರಡು ಕವಲುಗಳನ್ನು ಕಿತ್ತ. ಬೀದಿಯ ತಂತಿ ಮೊದಲನೆಯದಕ್ಕೆ ಮಾತ್ರ ಉಳಿಯಿತು. ಆಮೇಲೆ ಲ್ಯಾಪ್‌ಟಾಪು ತೆಗೆದು, ಉಳಿದ ಎರಡಕ್ಕೆ ಬೀದಿಯ ಕರೆಂಟು ಇಲ್ಲದಿದ್ದರೂ ಗುಂಪು ನಡೆಯಲಿ ಎಂದು ಪೆಟ್ಟಿಗೆಗಳ ಸೆಟ್ಟಿಂಗಿನಲ್ಲಿ ಗುರುತು ಹಾಕಿದ. ಮೊದಲನೆಯದರಲ್ಲಿ ಪುಟ್ಟ ದೀಪ ಹತ್ತಿತು. ಅದರ ಫ್ಯಾನು ಮುಲುಗತೊಡಗಿತು.

"ಇದು ತನ್ನ ಕೆಲಸಾನೂ ಮಾಡಬೇಕು, ಬ್ಯಾಟರೀನೂ ತುಂಬಿಸಬೇಕು. ಉಳಿದ ಎರಡೂ ಬ್ಯಾಟರಿಯಿಂದ ತಿಂತವೆ," ಎಂದ ಮಾವ. ಅವನ ದನಿ ಚಿಕ್ಕದಾಗಿತ್ತು.

ಅಮ್ಮ ಆ ಪೆಟ್ಟಿಗೆಯ ಮೈಮೇಲೆ ಅಂಗೈ ಇಟ್ಟಳು. "ಬಿಸಿಯಾಗ್ತಿದೆ ಕಣೋ. ದೊಡ್ಡವಳ ಭುಜ ನೋಯ್ತಿತ್ತೋ ಇಲ್ಲವೋ, ನಮ್ಮಮ್ಮ ಕತೇಲಿ ಒಂದು ದಿನಾನೂ ಹೇಳಲಿಲ್ಲ ನೋಡು."

ಮಾವನೂ ಪೆಟ್ಟಿಗೆ ಮುಟ್ಟಿ ನೋಡಿದ. ಮತ್ತೆ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಬ್ಯಾಟರಿ ತುಂಬುವ ವೇಗ ಇಳಿಸಿದ. ಫ್ಯಾನಿನ ಮುಲುಗು ಸಣ್ಣಗಾಯಿತು. "ನಿಧಾನವಾಗಿ ಸೇದಲಿ. ನಾಳೆ ಮಧ್ಯಾಹ್ನದ ತನಕ ಹೊತ್ತಿದೆ. ಅಷ್ಟರೊಳಗೆ ತುಂಬಿದರೆ ಸಾಕು."

ಆ ದಿನ ಬಾಗಿಲಿಗೆ 'ಬ್ರೆಡ್ಡಿಲ್ಲ' ಎಂದು ಬರೆದು ಹಾಕಿದೆವು. ಅಮ್ಮ ಹಗಲಲ್ಲೇ ಮಲಗಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಊಟವಾದ ಮೇಲೆ ಅವಳೇ ಹಿಟ್ಟು, ನೀರು, ಉಪ್ಪು, ಹುದುಗು ಸುರಿದು ಸ್ವಿಚ್ಚು ಒತ್ತಿದಳು. ಯಂತ್ರ ತಿರುಗಿತು. ಮೊದಲನೆಯ ಪೆಟ್ಟಿಗೆಯ ದೀಪ ಹತ್ತಿಯೇ ಇತ್ತು. ಒಂದು ಸಲದ ಹಿಟ್ಟು ಮುಗಿಯಿತು, ಎರಡನೆಯದೂ ಮುಗಿಯಿತು. ಅಮ್ಮ ಅಭ್ಯಾಸಕ್ಕೆ ತೋಳು ಮಡಚಿಕೊಂಡು ನಿಂತವಳು, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು. ಬಿಸಿಲು ಇನ್ನೂ ನೆಲದ ಮೇಲೇ ಇತ್ತು.

ಕೊನೆಯ ಸಲದ ಹಿಟ್ಟು ಅಂಚು ಬಿಟ್ಟು ನುಣ್ಣಗೆ ಒಂದೇ ಉಂಡೆಯಾಯಿತು. ಅಮ್ಮ ಒಂದು ಬೆರಳಿನಿಂದ ಒತ್ತಿದಳು. ಕುಳಿ ನಿಧಾನವಾಗಿ ಮೇಲೆ ಬಂತು. ಸ್ವಿಚ್ಚು ಆರಿಸಿದಳು.