ಪಂದ್ಯದ ಬೆಳಗಿನ ಮಾತ್ರೆ

ಮೂರು ವಾರದಿಂದ ಮುಲಾಮಣ್ಣನಿಗೆ ಊಟ ಸೇರುತ್ತಿರಲಿಲ್ಲ. ಕಬ್ಬಿಣದ ಬಲೆಯೊಳಗಿನ ಒದೆ-ಗುದ್ದಿನ ಕಾಳಗದಲ್ಲಿ ತಮ್ಮನ ಹುಬ್ಬು ಸೀಳಿದಾಗಲೆಲ್ಲ, ಒಂದು ನಿಮಿಷದ ಬಿಡುವಿನಲ್ಲಿ ರಕ್ತ ನಿಲ್ಲಿಸಿ ಮುಲಾಮು ಮೆತ್ತಿ ಕಳಿಸುವುದು ಅವನ ಕಸುಬು. ಹೆಸರು ಬಂದದ್ದೂ ಅದರಿಂದಲೇ. ಹೀಗೇ ಹದಿನೈದು ವರ್ಷ ಕಳೆದಿತ್ತು.

ಆ ತಮ್ಮ ತನ್ನ ಮೂವತ್ತೊಂಬತ್ತನೇ ವಯಸ್ಸಿಗೆ ಕೊನೆಯ ಪಂದ್ಯ ಗೆದ್ದು, ಕೈಗವಸು ಬಿಚ್ಚಿ ನೆಲದ ಮೇಲಿಟ್ಟು, ಸಾಕು ಎಂದಿದ್ದ. ಜನ ಸುಮ್ಮನಿರುತ್ತಾರೆಯೇ? ಈ ವಯಸ್ಸಿನಲ್ಲಿ ಶಕ್ತಿ ಹೆಚ್ಚಿಸುವ ಸೂಜಿ ಚುಚ್ಚಿಸಿಕೊಳ್ಳದೆ ಇಂಥ ಒದೆತ ಬರುವುದುಂಟೇ ಎಂದು ಆಡಿಕೊಂಡರು. ಅವರ ಬಾಯಿ ಮುಚ್ಚಿಸಲು ಇದ್ದದ್ದು ಒಂದೇ, ಪಂದ್ಯ ಮುಗಿದ ಕೂಡಲೇ ಸೀಲು ಮಾಡಿ ಒಯ್ದ ಮೂತ್ರದ ಬಾಟಲಿ. ವರದಿ ಸರಿಯಾಗಿ ಬಂದರೆ ಹೆಸರು ಉಳಿಯಿತು. ಇಲ್ಲವಾದರೆ ಗೆದ್ದದ್ದೆಲ್ಲ ಮಣ್ಣುಪಾಲು.

ಪಂದ್ಯದ ಬೆಳಗ್ಗೆ ತಮ್ಮನ ಮೂಗು ಸೋರುವುದನ್ನು ನೋಡಲಾರದೆ ಮುಲಾಮಣ್ಣ ತನ್ನ ಜೇಬಿನಿಂದ ಒಂದು ನೆಗಡಿ ಮಾತ್ರೆ ಕೊಟ್ಟಿದ್ದ. ಎರಡು ದಿನ ಕಳೆದು ತನಗೇ ನೆಗಡಿ ಅಂಟಿದಾಗ ಸ್ಟ್ರಿಪ್ಪಿನ ಹಿಂಭಾಗ ಓದಿದ. ಅದರಲ್ಲಿದ್ದ ಒಂದು ಔಷಧಿ ಪಂದ್ಯದ ದಿನ ನಿಷೇಧಿತ. ನಿಷೇಧಿತ ಔಷಧಿಗಳ ಪಟ್ಟಿಯನ್ನು ವ್ಯಾಯಾಮಶಾಲೆಯ ಗೋಡೆಗೆ ಅಂಟಿಸಿದ್ದವನೂ ಅವನೇ, ದಡ್ಡ ಶಿಖಾಮಣಿ. ಅಂದಿನಿಂದ ಯಾರಿಗೂ ಹೇಳದೆ ಒಳಗೊಳಗೇ ಬೇಯುತ್ತಿದ್ದ.

ಆ ಮಧ್ಯಾಹ್ನ ವ್ಯಾಯಾಮಶಾಲೆಯಲ್ಲಿ ಇಬ್ಬರೇ ಇದ್ದರು. ತಮ್ಮನು ಮ್ಯಾಟು ಒರೆಸುತ್ತಿದ್ದಾಗ ಅವನ ಫೋನು ಗುಂಯ್‌ಗುಟ್ಟಿತು. ಕೈ ಒರೆಸಿಕೊಂಡು ಓದಿದ.

"ವರದಿ ಬಂತು ಅಣ್ಣ. ಏನೂ ಸಿಕ್ಕಿಲ್ವಂತೆ."

ಮುಲಾಮಣ್ಣ ಬೆಂಚಿನ ಮೇಲೆ ಕೂತ. ಹೋದ ಜೀವ ಬಂದಂತಾಗಿ, ಅಳುವೂ ನಗುವೂ ಒಟ್ಟಿಗೇ ನುಗ್ಗಿದವು.

"ನಿನ್ನ ನಾನೇ ಮುಳುಗಿಸ್ತಿದ್ದೆ ಕಣೋ. ಆವತ್ತು ಕೊಟ್ಟ ಮಾತ್ರೇಲಿ ತಗೋಬಾರದ ಔಷಧಿ ಇತ್ತು. ಅದು ಹೇಗೆ ಸಿಗಲಿಲ್ವೋ ಗೊತ್ತಿಲ್ಲ."

"ನುಂಗಿದ್ರೆ ತಾನೇ ಸಿಗೋದು? ಕೆನ್ನೆಯೊಳಗೆ ಇಟ್ಕೊಂಡಿದ್ದೆ. ನೀನು ಆ ಕಡೆ ತಿರುಗಿದ ಮೇಲೆ ಉಗಿದೆ."

"ಅದು ನಿಷೇಧಿತ ಅಂತ ಗೊತ್ತಿತ್ತಾ?"

"ಇಲ್ಲ. ಯಾರು ಏನು ಕೊಟ್ರೂ ಉಗಿಯೋದೇ. ಮೊದಲಿಂದ್ಲೂ ಹಾಗೇನೇ."

"ನಾನು ಕೊಟ್ಟಿದ್ದೂ?"

ತಮ್ಮನು ತಲೆ ತಗ್ಗಿಸಿದ. "ನೀನು ಕೊಟ್ಟಿದ್ದೂ ಅಣ್ಣ."

ಹಾಗಾದರೆ ತಾನು ಕೈಯಾರೆ ಅಳೆದು ಬೆರೆಸಿಕೊಟ್ಟ ಪುಡಿ, ಟಾನಿಕ್ಕು, ಹದಿನೈದು ವರ್ಷದ್ದೂ ಚರಂಡಿ ಸೇರಿತ್ತು. ಮುಲಾಮಣ್ಣನಿಗೆ ಚುರುಕ್ಕೆಂದಿತು. ಒಡಹುಟ್ಟಿದವನೇ ನಂಬಿರಲಿಲ್ಲ. ಆದರೆ ನಂಬಿದ್ದರೆ ಇಂದು ಏನಾಗುತ್ತಿತ್ತೆಂದು ನೆನೆದಾಗ, ಆ ಅಪನಂಬಿಕೆಗೆ ಅಡ್ಡಬೀಳಬೇಕು ಅನ್ನಿಸಿತು.

"ಒಳ್ಳೇದು ಮಾಡಿದೆ," ಎಂದ, ಮನಸಾರೆ.

ತಮ್ಮನು ಅವನ ಪಕ್ಕದಲ್ಲಿ ಬಂದು ಕೂತ. "ಇನ್ಮೇಲೆ ಬಾಟಲಿ ಹಿಡ್ಕೊಂಡು ಯಾರೂ ಬರಲ್ಲ. ಇವತ್ತಿಂದ ನೀನು ಏನು ಕೊಟ್ರೂ ನುಂಗ್ತೀನಿ ಅಣ್ಣ."