ಹಣೆಯ ಮೇಲೆ ತೇಗದ ಗೆರೆ

ಹೆಬ್ಬಗೋಡಿಯ ಬಸ್ ಸ್ಟಾಪಿನ ಎದುರು, ಬೇಕರಿಯ ಮೇಲಿನ ಮಹಡಿಯಲ್ಲಿ ಲಕ್ಷ್ಮಣಪ್ಪನವರ ಫೋಟೊ ಸ್ಟುಡಿಯೊ. ಫೋಟೊ ಹೊಡೆಯುವವರು ಲಕ್ಷ್ಮಣಪ್ಪ. ಹೊಡೆದದ್ದನ್ನು ಕಂಪ್ಯೂಟರಿಗೆ ಹಾಕಿ ಅದಕ್ಕೊಂದು ಗತಿ ಕಾಣಿಸುವವಳು ಸವಿತಾ.

ಕಾರ್ಖಾನೆಯ ಹುಡುಗರು ಬಂದು ಹಸಿರು ಪರದೆಯ ಮುಂದೆ ನಿಲ್ಲುತ್ತಿದ್ದರು. ಹೊರಡುವಾಗ ಅವರ ಕೈಯಲ್ಲಿ ಹಳೆಯ ಕೋಟೆಯ ಕಲ್ಲುಗೋಡೆಗೆ ಒರಗಿ ನಿಂತ ಚಿತ್ರವಿರುತ್ತಿತ್ತು. ಬೇರೆ ಸ್ಟುಡಿಯೊಗಳಲ್ಲಿ ಇಂಥ ಚಿತ್ರಗಳು ಕತ್ತರಿಯಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಿದ್ದವು. ಸವಿತಾಳ ಕೈಯಲ್ಲಿ ಹಾಗಾಗುತ್ತಿರಲಿಲ್ಲ. ಗೋಡೆಯ ಮೇಲೆ ಬಿಸಿಲು ಎಡದಿಂದ ಬಿದ್ದಿದ್ದರೆ ಅವಳು ಹುಡುಗನ ಮೂಗಿನ ನೆರಳನ್ನೂ ಬಲಕ್ಕೆ ಎಳೆಯುವಳು. ಕಲ್ಲಿನ ಒರಟನ್ನು ತೆಳ್ಳಗಿನ ಪದರ ಮಾಡಿ, ಇದ್ದೂ ಇಲ್ಲದಂತೆ ಅವನ ಅಂಗಿಯ ಮೇಲೂ ಹಾಸುವಳು.

"ಗ್ವಾಡಿ ಧೂಳ ಮನಷ್ಯಾನ ಮ್ಯಾಲೂ ಕುಂದ್ರಬೇಕ್ರಿ. ಆವಾಗ ಅಂವ ಅಲ್ಲೇ ನಿಂತಿದ್ದ ಅಂತ ನಂಬಿಕಿ ಬರ್ತೈತಿ," ಎನ್ನುವುದು ಅವಳ ಶಾಸ್ತ್ರ.

"ಕೂರ್ಸಮ್ಮ, ಕೂರ್ಸು. ಧೂಳಿಗೇನು ಬರವಾ ಹೊಸೂರ್ ರೋಡಲ್ಲಿ?" ಎನ್ನುತ್ತಿದ್ದರು ಲಕ್ಷ್ಮಣಪ್ಪ.

ಈ ಕೆಲಸಕ್ಕೆ ಕುತ್ತು ಬಂದದ್ದು ಸವಿತಾಳ ಅಣ್ಣ ಸಂಗಣ್ಣನಿಂದ. ಬಾಗಲಕೋಟೆಯ ಕಡೆಯಿಂದ ಬಂದ ಅವಳು ಅಣ್ಣ ಮತ್ತು ಅವನ ಹೆಂಡತಿ, ವೈನಿ ಮಹಾಂತಮ್ಮನ ಜೊತೆ ಅಲ್ಲೇ ಒಂದು ಬಾಡಿಗೆ ಮನೆಯಲ್ಲಿದ್ದಳು. ಬಂದ ಎರಡು ಸಂಬಂಧಗಳನ್ನು ಆಗಲೇ ಬೇಡವೆಂದಿದ್ದಳು. ಮೂರನೆಯದು ಬಂದಾಗ ಸಂಗಣ್ಣ ಚಹಾದ ಕಪ್ಪು ಕೆಳಗಿಟ್ಟು ಹೇಳಿದ:

"ಈ ಸಲ ನೀ ಬಾಯಿ ತಗೀಬ್ಯಾಡ. ಹುಡುಗನ ಕಡ್ಯಾರು ಹೂಂ ಅಂದ್ರ ಮುಗೀತು. ಒಂದ್ ಫೋಟೊ ಕೊಡು, ಕಳಸ್ತೀನಿ."

"ಮತ್ತ ನನ್ನ ಕೆಲಸ?"

"ಲಗ್ನ ಆದ ಮ್ಯಾಲ ಎಂಥಾ ಕೆಲಸ? ಹುಡುಗ ಪೀಣ್ಯಾದಾಗ ಅದಾನ. ಪೀಣ್ಯಾ ಎಲ್ಲೈತಿ, ಹೆಬ್ಬಗೋಡಿ ಎಲ್ಲೈತಿ! ಮನಿ ನೋಡ್ಕೊಂಡು ಆರಾಮ ಇರು."

ಬಾಯಿ ತೆರೆಯಬಾರದು ನಿಜ. ಕೈ ಕಟ್ಟಿ ಕೂರಬೇಕೆಂದು ಯಾರೂ ಹೇಳಲಿಲ್ಲವಲ್ಲ! ಹುಡುಗನ ಕಡೆಯವರೇ ಒಲ್ಲೆ ಎನ್ನುವಂತೆ ಮಾಡಿದರಾಯಿತು ಎಂದುಕೊಂಡಳು ಸವಿತಾ.

ಮರುದಿನ ಬೂದುಬಣ್ಣದ ಸೀರೆಯುಟ್ಟು ಫೋಟೊ ತೆಗೆಸಿಕೊಂಡಳು. ಹಿಂದೆ ಪಾಚಿಗಟ್ಟಿ ಒಣಗಿದ ಕಲ್ಲುಗೋಡೆಯೊಂದನ್ನು ಕೂರಿಸಿದಳು. ಮುಖವನ್ನು ಒಮ್ಮೆಲೇ ಕೆಡಿಸಿದರೆ ಅಣ್ಣನಿಗೆ ಗೊತ್ತಾಗುತ್ತದೆ. ಆದ್ದರಿಂದ ಗೋಡೆಯ ಪದರವನ್ನು ಕೆನ್ನೆಯ ಮೇಲೆ ಅಷ್ಟಷ್ಟೇ ಗಾಢ ಮಾಡುತ್ತ, ನಿಲ್ಲಿಸಿ ನೋಡುತ್ತ, ಮತ್ತೆ ಒಂದಿಷ್ಟು ಏರಿಸುತ್ತ ಹೋದಳು. ಹಾಲಿಗೆ ನೀರು ಬೆರೆಸುವವರ ತಾಳ್ಮೆ ಅದು. ಕೊನೆಗೆ ಇಂಥದ್ದೇ ಐಬು ಎಂದು ಬೆರಳಿಟ್ಟು ತೋರಿಸುವ ಹಾಗಿರಲಿಲ್ಲ. ಆದರೆ ನೋಡಿದವರ ಕಣ್ಣಿಗೆ ಮೊದಲು ಬೀಳುತ್ತಿದ್ದದ್ದು ಗೋಡೆ, ಸ್ವಲ್ಪ ಹೊತ್ತಾದ ಮೇಲೆ ಹುಡುಗಿ.

ಮಹಾಂತಮ್ಮ ಫೋಟೊವನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. "ಚಂದ ಬಂದೈತಿ. ಆದ್ರ ಸವಿತಾ, ನೀ ಎಲ್ಲಿ ಅದಿ?"

"ಇಲ್ಲೇ ಅದೀನಲ್ಲ ವೈನಿ, ಗ್ವಾಡಿ ಮುಂದ."

"ಮುಂದೋ, ಒಳಗೋ?"

ಫೋಟೊ ಪೀಣ್ಯಕ್ಕೆ ಹೋಯಿತು, ಅಲ್ಲಿಂದ ಹುಡುಗನ ಊರಿಗೆ. ಸವಿತಾ ನಿಶ್ಚಿಂತೆಯಿಂದ ಕೆಲಸಕ್ಕೆ ಹೋಗಿಬಂದಳು. ಆದರೆ ಒಂದು ಸಂಜೆ ಸಂಗಣ್ಣ ಬಾಗಿಲಲ್ಲೇ ಕೂಗಿಕೊಂಡು ಬಂದ.

"ಹುಡುಗನ ಅವ್ವ ಕಮಲಮ್ಮಾರು ಫೋನ್ ಮಾಡಿದ್ರು! ನಿನ್ನ ಮುಖದಾಗ ಏನ್ ಕಳಾ ಐತಂತ! ಗುಡಿಯೊಳಗಿನ ಮೂರ್ತಿ ಕಡದಿಟ್ಟಂಗ ಅದಾಳ ಅಂದ್ರು. ಅವರಿಗಿ ಪೂರಾ ಒಪ್ಪಿಗಿ!"

ಸವಿತಾಳ ಕೈಯಲ್ಲಿದ್ದ ರೊಟ್ಟಿಯ ಚೂರು ಕೈಯಲ್ಲೇ ಉಳಿಯಿತು.

"ಹುಡುಗನ ಫೋಟೊನೂ ಕಳಿಸ್ಯಾರ. ನೋಡು, ಹಣಿ ತುಂಬ ವಿಭೂತಿ! ಈ ಕಾಲದಾಗ ಇಂಥಾ ಸಂಸ್ಕಾರ ಯಾರಿಗೈತಿ?"

ಸವಿತಾ ಫೋಟೊ ತೆಗೆದುಕೊಂಡಳು. ವೀರೇಶ ಎಂಬ ಆ ಹುಡುಗ ಅಡ್ಡ ಹಲಗೆಗಳ ತೇಗದ ಬಾಗಿಲಿನ ಮುಂದೆ ನಿಂತಿದ್ದ. ಹಣೆಯ ಮೇಲೆ ಮೂರು ತಿಳಿಗೆರೆಗಳಿದ್ದದ್ದು ನಿಜ. ಆದರೆ ಆ ಗೆರೆಗಳು ಬಾಗಿಲಿನಲ್ಲಿ ಹುಟ್ಟಿ, ಎಡಗಿವಿಯನ್ನು ದಾಟಿ, ಹಣೆಯ ಮೇಲೆ ಹರಿದು, ಬಲಗಿವಿಯ ಆಚೆ ಮತ್ತೆ ಬಾಗಿಲನ್ನೇ ಸೇರಿಕೊಂಡಿದ್ದವು. ಕೆನ್ನೆಯ ಮೇಲಿದ್ದುದು ಮಚ್ಚೆಯಲ್ಲ, ಮರದ ಗಂಟು.

"ಅಣ್ಣಾ, ಇವರು ಏನ್ ಕೆಲಸ ಮಾಡ್ತಾರ?"

"ಪ್ಲೈವುಡ್ ಮ್ಯಾಲ ಅಂಟಸ್ತಾರಲ್ಲ ಸನ್‌ಮೈಕಾ, ಅದರ ಕಟಗಿ ಡಿಸೈನ್ ಮಾಡ್ತಾನಂತ. ಕಂಪ್ಯೂಟರಿನ್ಯಾಗ."

ತನ್ನ ಉಪಾಯವನ್ನೇ ಇವನೂ ಹೂಡಿದ್ದ! ಸವಿತಾಳಿಗೆ ಮೊದಲು ನಗು ಬಂತು. ಆಮೇಲೆ ಮೈ ಉರಿಯಿತು. ತಾನು ಒಲ್ಲೆ ಎನ್ನುವುದು ಬೇರೆ. ಆದರೆ ತನ್ನನ್ನು ನೋಡುವ ಮೊದಲೇ ಒಲ್ಲೆ ಎನ್ನಲು ಇವನ್ಯಾರು?

ಭಾನುವಾರ ಕಮಲಮ್ಮ ಊರಿನಿಂದ ಬಂದಿಳಿದು, ಮಗನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ಸಂಗಣ್ಣನ ಕಣ್ಣು ನೇರವಾಗಿ ಹುಡುಗನ ಹಣೆಗೆ ಹೋಯಿತು. ಬೋಳು ಹಣೆ.

"ತಮ್ಮಾ, ಇವತ್ತ ವಿಭೂತಿ ಹಚ್ಚಿಲ್ಲಲ್ಲ?"

"ನಮ್ಮ ವೀರೇಶಾ? ಹಬ್ಬಕ್ಕೂ ಹಚ್ಚಂಗಿಲ್ರಿ," ಎಂದರು ಕಮಲಮ್ಮ. "ಫೋಟೊ ನೋಡಿ ನಾನ ಗಾಬರಿ ಆದೆ. ಬೆಂಗಳೂರಾಗ ಸುಧಾರಿಸ್ಯಾನ ಅಂದ್ಕೊಂಡೆ."

ವೀರೇಶ ಕೆಮ್ಮಿದ. ಹುಡುಗ ಹುಡುಗಿ ಎರಡು ಮಾತಾಡಲಿ ಎಂದು ಮಹಾಂತಮ್ಮ ಅವರಿಬ್ಬರನ್ನೂ ಬಾಗಿಲಾಚೆಯ ಪಡಸಾಲೆಗೆ ಕಳಿಸಿದಳು.

"ನೆಳ್ಳ ತಪ್ಪೈತಿ," ಎಂದಳು ಸವಿತಾ, ಪೀಠಿಕೆಯಿಲ್ಲದೆ.

"ಏನ್ರಿ?"

"ಬಾಗಿಲ ಚಿಲಕದ ನೆಳ್ಳ ಬಲಕ್ಕೈತಿ, ನಿಮ್ಮ ಮೂಗಿಂದು ಎಡಕ್ಕೈತಿ. ಪೀಣ್ಯಾದಾಗ ಎರಡು ಸೂರ್ಯ ಅದಾವೇನ್ರಿ?"

ವೀರೇಶನ ಕಿವಿ ಕೆಂಪಾಯಿತು. "ನಿಮ್ಮ ಕಲ್ಲ ಮಾತ್ರ ಭಾಳ ಚಲೋ ಕುಂತೈತ್ರಿ. ಭೂತಗನ್ನಡಿ ಹಿಡಿದ ಮ್ಯಾಲನ ತಿಳಿದದ್ದು."

"ತಿಳಿದ್ರ ನಿಮ್ಮ ಅವ್ವಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂದೂ ಹೇಳಬೇಕಾಗ್ತಿತ್ತಲ್ರಿ! ನಂಗ ಈಗಲೇ ಲಗ್ನ ಬ್ಯಾಡ. ದೋಸ್ತರ ಜೋಡಿ ರೂಮಿನ್ಯಾಗ ಆರಾಮ ಅದೀನಿ. ನೀವ್ಯಾಕ ಒಲ್ಲೆ ಅಂತೀರಿ?"

"ನಾ ಕೆಲಸ ಬಿಡಂಗಿಲ್ಲ."

"ಹಂಗಂದ್ರ ಒಳಗ ಹೋಗಿ ಹೇಳ್ರಿ ಮತ್ತ."

"ನೀವು ಹೇಳ್ರಿ. ನಂಗ ಬಾಯಿ ತಗೀಬ್ಯಾಡ ಅಂದಾರ."

"ಈಗ ತಗದೀರಲ್ಲ," ಎಂದ ವೀರೇಶ. "ಕಿವಿ ಗುಂಯ್ ಅನ್ನಾಕತ್ತೈತಿ."

ಒಳಗಿನಿಂದ ಸಂಗಣ್ಣನ ದನಿ ಕೇಳಿಸಿತು. ಕಲ್ಯಾಣಮಂಟಪದ ಮಾತಾಗಲೇ ಶುರುವಾಗಿತ್ತು. ಇನ್ನು ಒಂದು ಕ್ಷಣ ತಡೆದರೂ ಸ್ಟುಡಿಯೊದ ತನ್ನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ ಎನಿಸಿ ಸವಿತಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳನಡೆದಳು.

"ಅಣ್ಣಾ, ನಾ ಕೆಲಸ ಬಿಡಂಗಿಲ್ಲ. ಯಾರ ಜೋಡಿ ಲಗ್ನ ಆದ್ರೂ ಬಿಡಂಗಿಲ್ಲ. ಇವರು ಒಲ್ಲೆ ಅನ್ನಲಿ ಅಂತ ಫೋಟೊದಾಗ ಗ್ವಾಡಿನ್ನ ಮುಖಕ್ಕ ಹಚ್ಚಿಕೊಂಡಾಕಿನೂ ನಾನ."

ಸಂಗಣ್ಣನ ಬಾಯಿ ತೆರೆದುಕೊಂಡಿತು. ಕಮಲಮ್ಮ ಟೀಪಾಯಿಯ ಮೇಲಿದ್ದ ಫೋಟೊ ಎತ್ತಿಕೊಂಡು ಅದನ್ನೊಮ್ಮೆ, ಸವಿತಾಳನ್ನೊಮ್ಮೆ ನೋಡಿದರು.

"ಯವ್ವಾ, ಗ್ವಾಡಿನ್ನ ಮುಖಕ್ಕ ಹಚ್ಚಾಕ ಬರ್ತೈತೇನು? ಇಷ್ಟು ವಿದ್ಯಾ ಇದ್ದಾಕಿಗಿ ಕೆಲಸ ಬಿಡು ಅಂದೋರ್ಯಾರು? ನಾ ಅಂದೇನೇನು?"

ಎಲ್ಲರೂ ಸಂಗಣ್ಣನನ್ನು ನೋಡಿದರು. ಅವನು ಫ್ಯಾನನ್ನು ನೋಡಿದ. "ಅವರು ಹಂಗ ಅಂತಾರ ಅಂತ ನಾನ ತಿಳ್ಕೊಂಡಿದ್ದೆ..." ಎಂದು ಗೊಣಗಿದ. "ಇರಲಿ. ಮಾಡವಾ, ಮಾಡು."

ಸವಿತಾ ಜಗಳಕ್ಕೆ ತಯಾರಾಗಿ ಬಂದಿದ್ದಳು. ಜಗಳ ಇಷ್ಟು ಬೇಗ ಮುಗಿದುಹೋಗಿದ್ದರಿಂದ ಉಳಿದ ಮಾತುಗಳನ್ನು ಎಲ್ಲಿ ಇಡಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಕಮಲಮ್ಮನಿಗೆ ಏನೋ ಹೊಳೆಯಿತು. ಮಗನ ಫೋಟೊ ತೆಗೆದುಕೊಂಡು ಅದರಲ್ಲಿನ ಹಣೆಯನ್ನು ಹೆಬ್ಬೆರಳಿನಿಂದ ಉಜ್ಜಿದರು. "ವೀರೇಶಾ, ಇದು ವಿಭೂತಿ ಹೌದೋ ಅಲ್ಲೋ?"

ವೀರೇಶ ಗೋಡೆಗೆ ಒತ್ತಿ ನಿಂತ. ಹೊಸದಾಗಿ ಗುಲಾಬಿ ಬಣ್ಣ ಬಳಿದ ಗೋಡೆ. ಒಂದು ಬಿರುಕಿಲ್ಲ, ಕಲೆಯಿಲ್ಲ. ಅಡಗಿಕೊಳ್ಳಲು ಅಲ್ಲಿ ಏನೂ ಇರಲಿಲ್ಲ.

"ಹೇಳ್ರಿ," ಎಂದಳು ಸವಿತಾ ಬೆಲ್ಲದಂಥ ದನಿಯಲ್ಲಿ. "ಸಂಕೋಚ ಬ್ಯಾಡ."

"ತೇಗ ಬೇ ಯವ್ವಾ," ಎಂದ ವೀರೇಶ. "ಡಿಸೈನ್ ತೇಗ. ನಂಗ ಒಂದ್ ವರ್ಷ ಲಗ್ನ ಬ್ಯಾಡ."

ಕಮಲಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸಿಟ್ಟಿಗೋ ನಗುವಿಗೋ ತಿಳಿಯುವಂತಿರಲಿಲ್ಲ. ಮಹಾಂತಮ್ಮ ಮಾತ್ರ ಬಹಿರಂಗವಾಗಿಯೇ ನಕ್ಕು, ಉಪ್ಪಿಟ್ಟು ಆರುತ್ತಿದೆ ಎಂದಳು. ಒಂದು ವರ್ಷ ಕಾಯೋಣ, ಆಮೇಲೆ ನೋಡೋಣ ಎಂದು ಹಿರಿಯರು ತಟ್ಟೆ ಕೈಗೆತ್ತಿಕೊಂಡರು.

ಸವಿತಾಳಿಗೆ ಬೇಕಾದದ್ದು ಸಿಕ್ಕಿತ್ತು. ಸೋಮವಾರ ಸ್ಟುಡಿಯೊಗೆ ಹೋಗಬಹುದು, ಮಂಗಳವಾರವೂ ಹೋಗಬಹುದು. ಆದರೂ ಆ ಒಂದು ವರ್ಷವನ್ನು ಅವನೊಬ್ಬನೇ ತೀರ್ಮಾನಿಸಿದ್ದು ಅವಳಿಗೆ ಸರಿಬರಲಿಲ್ಲ. ಉಪ್ಪಿಟ್ಟಿನ ತಟ್ಟೆಯನ್ನು ವೀರೇಶನ ಮುಂದೆ ಟಕ್ಕನೆ ಇಟ್ಟು, ಎಲ್ಲರಿಗೂ ಕೇಳಿಸುವಂತೆ ಹೇಳಿದಳು:

"ನಂಗ ಎರಡು ವರ್ಷ ಬೇಕಾದೀತು."